ಹಳೆಯ ಸೀರೆಯಲ್ಲಿ ಕಲೆ ಕಂಡ ಗುರುಸದಯ ದತ್ತರು

ಸವೆದ ಸೀರೆಗಳನ್ನು ಒಂದರ ಮೇಲೊಂದು ಹಾಸಿ ಅಜ್ಜಿ ಹೊಲಿದ ಕೌದಿಯನ್ನು ನಮ್ಮಲ್ಲಿ ಅನೇಕರು ಊರಿನಲ್ಲಿಯೇ ಬಿಟ್ಟು ಬಂದಿದ್ದೇವೆ. ಬಂಗಾಳದಲ್ಲಿ ಇಂತಹುದಕ್ಕೆ ಕಾಂಥಾ ಎಂದು ಹೆಸರು. ಅದನ್ನು ಕಲೆಯೆಂದು ಗೌರವಿಸಿದ ಮಹನೀಯರಲ್ಲಿ ಗುರುಸದಯ ದತ್ತರು ಪ್ರಮುಖರು.

ದತ್ತರು 1882ರಲ್ಲಿ, ಇಂದು ಬಾಂಗ್ಲಾದೇಶಕ್ಕೆ ಸೇರಿರುವ ಸಿಲ್ಹೆಟ್ ಪ್ರಾಂತದ ಬೀರಶ್ರೀ ಗ್ರಾಮದಲ್ಲಿ ಜನಿಸಿದರು. 1905ರಲ್ಲಿ ಐ.ಸಿ.ಎಸ್. ಸೇವೆಯನ್ನು ಸೇರಿ ಮುಂದೆ ಜಿಲ್ಲಾಧಿಕಾರಿಗಳಾದರು. ಅವರ ಪತ್ನಿ ಸರೋಜನಳಿನಿಯವರು ಗ್ರಾಮಸ್ತ್ರೀಯರಿಗಾಗಿ ಮಹಿಳಾ ಸಮಿತಿಗಳನ್ನು ಕಟ್ಟಿದವರು. 1925ರಲ್ಲಿ ಆಕೆ ಅಗಲಿದಾಗ ದತ್ತರು ಶೋಕದಲ್ಲಿ ಮುಳುಗದೆ, ಆಕೆಯ ಹೆಸರಿನಲ್ಲಿಯೇ ಸಂಸ್ಥೆಯನ್ನು ಸ್ಥಾಪಿಸಿ ಆ ಕಾರ್ಯವನ್ನು ಮುಂದುವರಿಸಿದರು.

1929ರಿಂದ ಸುಮಾರು ಹತ್ತು ವರ್ಷ ಅವರು ಹಳ್ಳಿಗಳಿಂದ ಪಟಚಿತ್ರ, ಗೊಂಬೆ, ಕಾಂಥಾಗಳನ್ನು ಸಂಗ್ರಹಿಸಿದರು. ಸೀರೆಯ ಅಂಚಿನಿಂದಲೇ ಎಳೆದ ಬಣ್ಣದ ನೂಲು, ನಡುವೆ ಅರಳಿದ ಕಮಲ, ಸುತ್ತ ಆನೆ, ಕುದುರೆ, ರಥ! ಹರಿದರೆ ಮಣ್ಣುಪಾಲಾಗುತ್ತಿದ್ದ ಈ ವಸ್ತ್ರಗಳಲ್ಲಿ ಅವರು ಹೆಸರಿಲ್ಲದ ತಾಯಂದಿರ ಪ್ರತಿಭೆಯನ್ನು ಗುರುತಿಸಿದರು. ಮಾನದಾಸುಂದರಿ ಎಂಬಾಕೆ ತಂದೆಗಾಗಿ ಹೊಲಿದ ಕಾಂಥಾ ಈ ಸಂಗ್ರಹಕ್ಕೆ ಕಳಶಪ್ರಾಯವಾಗಿದೆ. 1932ರಲ್ಲಿ ವ್ರತಚಾರಿ ಚಳವಳಿಯನ್ನು ಆರಂಭಿಸಿ, ಜನಪದ ನೃತ್ಯಗೀತಗಳೊಡನೆ ದೇಹಶ್ರಮದ ಗೌರವವನ್ನೂ ಬೋಧಿಸಿದರು.

ದತ್ತರು 1941ರಲ್ಲಿ ಕಾಲವಶರಾದರು. 1963ರಲ್ಲಿ ಕಲಕತ್ತೆಯ ಹೊರವಲಯದ ಜೋಕಾದಲ್ಲಿ ಅವರ ಸಂಗ್ರಹಕ್ಕಾಗಿ ವಸ್ತುಸಂಗ್ರಹಾಲಯವು ತೆರೆಯಿತು.

ಊರಿನ ಪೆಟ್ಟಿಗೆಯಲ್ಲಿ ಮಡಿಸಿಟ್ಟ ಕೌದಿಯನ್ನು ಹಳೆಯದೆಂದು ಎಸೆಯುವ ಮುನ್ನ ನಾವು ಈ ಅಧಿಕಾರಿಯನ್ನೊಮ್ಮೆ ನೆನೆಯುವುದೊಳಿತು.