ವಚನಪಿತಾಮಹ ಶ್ರೀ ಫಕೀರಪ್ಪ ಗುರುಬಸಪ್ಪ ಹಳಕಟ್ಟಿಯವರ ವಿದ್ಯಾತಪಸ್ಸು

ಶಿವಶರಣರ ವಚನಗಳು ಇಂದು ನಾಡಿನ ಮನೆಮನೆಯಲ್ಲಿಯೂ ಅಚ್ಚಿನ ಪುಸ್ತಕಗಳಾಗಿ ದೊರೆಯುತ್ತಿರುವವು. ಮಠದ ಪ್ರವಚನದಲ್ಲಿ ಅವುಗಳನ್ನು ಕೇಳಿ, ಮನೆಗೆ ಹೋಗಿ ಮಕ್ಕಳಿಂದ ಓದಿಸುವದು ಭಕ್ತರಿಗೆ ಸಹಜವಾದ ಸಂಗತಿಯಾಗಿದೆ. ಆದರೆ ನೂರಿಪ್ಪತ್ತು ವರ್ಷಗಳ ಹಿಂದೆ ಈ ವಾಙ್ಮಯದ ಬಹುಭಾಗವು ತಾಳೆಯೋಲೆಯ ಕಟ್ಟುಗಳಲ್ಲಿ ಅಡಗಿತ್ತು. ಅರಿವೆಯಲ್ಲಿ ಸುತ್ತಿದ ಆ ಕಟ್ಟುಗಳು ದೇವರ ಜಗುಲಿಯ ಮೇಲೋ ಅಟ್ಟದ ಮೂಲೆಯಲ್ಲೋ ಇದ್ದು, ವಿಭೂತಿ ಪತ್ರೆಗಳ ಪೂಜೆಯನ್ನು ಕೊಳ್ಳುತ್ತ, ಓದುವವರಿಲ್ಲದೆ ಹುಳಗಳಿಗೆ ಆಹಾರವಾಗುತ್ತಲಿದ್ದವು. ಅವುಗಳನ್ನು ಜಗುಲಿಯಿಂದ ಇಳಿಸಿ, ಓದಿ, ತಿದ್ದಿ, ಅಚ್ಚು ಹಾಕಿಸಿ ಜನರ ಕೈಗೆ ಕೊಡುವದಕ್ಕಾಗಿ ತಮ್ಮ ಆಯುಷ್ಯದ ಅರವತ್ತು ವರ್ಷಗಳನ್ನು ವೆಚ್ಚಮಾಡಿದ ಮಹನೀಯರ ಚರಿತ್ರೆಯನ್ನು ಈ ಗ್ರಂಥದಲ್ಲಿ ಸಂಕ್ಷೇಪವಾಗಿ ನಿರೂಪಿಸಲಾಗುವದು. ನಮ್ಮ ಪಾಠಶಾಲೆಯ ವಿದ್ಯಾರ್ಥಿಗಳು ಇದನ್ನು ವಿಶೇಷವಾಗಿ ಓದಬೇಕೆಂಬುದು ನಮ್ಮ ಅಪೇಕ್ಷೆ. ಏಕೆಂದರೆ ಈ ಮಹನೀಯರು ಯಾವ ಪಾಠಶಾಲೆಯಲ್ಲಿಯೂ ಶಾಸ್ತ್ರಾಧ್ಯಯನ ಮಾಡಿದವರಲ್ಲ. ಕೈಕೊಂಡ ಕಾರ್ಯವೇ ಅವರಿಗೆ ಪಾಠಶಾಲೆಯಾಯಿತು.

ಫಕೀರಪ್ಪನವರು ಇ. ಸ. 1880ನೆಯ ಜುಲೈ 2ನೆಯ ತಾರೀಖಿಗೆ ಧಾರವಾಡದಲ್ಲಿ ಜನಿಸಿದರು. ತಂದೆ ಗುರುಬಸಪ್ಪನವರು ಶಿಕ್ಷಕರು. ಕನ್ನಡದಲ್ಲಿ ಗ್ರಂಥರಚನೆ ಮಾಡಿದವರು. ಫ್ರಾನ್ಸ ದೇಶದ ರಾಜ್ಯಕ್ರಾಂತಿಯ ವಿಷಯವಾಗಿ ಆ ಕಾಲದಲ್ಲಿಯೇ ಕನ್ನಡದಲ್ಲಿ ಪುಸ್ತಕ ಬರೆದ ತಂದೆಯ ಮಗನಿಗೆ ಅಕ್ಷರದ ಮೇಲಿನ ಪ್ರೀತಿಯು ಮನೆಯಲ್ಲಿಯೇ ದೊರೆಯಿತೆನ್ನಬಹುದು. ತಾಯಿಯ ಸುಖವು ಮಾತ್ರ ಬಾಲಕನಿಗೆ ಬಹುಕಾಲ ದೊರೆಯಲಿಲ್ಲ. ಮೂರು ವರ್ಷದವನಿರುವಾಗಲೇ ತಾಯಿಯು ಲಿಂಗೈಕ್ಯಳಾದುದರಿಂದ ಅಜ್ಜಿಯು ಅವನನ್ನು ಸಲಹಿದಳು. ಧಾರವಾಡದಲ್ಲಿ ಪ್ರವೇಶಪರೀಕ್ಷೆಯವರೆಗಿನ ವಿದ್ಯಾಭ್ಯಾಸವನ್ನು ಮುಗಿಸಿ ತರುಣನು ಮುಂಬಯಿಗೆ ಹೋಗಿ ಸೇಂಟ್ ಝೇವಿಯರ್ ಕಾಲೇಜನ್ನು ಸೇರಿದನು. ಅಲ್ಲಿ ಮರಾಠಿಗರೂ ಗುಜರಾಥಿಗಳೂ ತಮ್ಮ ತಮ್ಮ ಭಾಷೆಗಾಗಿ ಮಾಡುತ್ತಿದ್ದ ಕಾರ್ಯಗಳನ್ನು ಕಣ್ಣಾರೆ ಕಂಡು, ತನ್ನ ನುಡಿಗೆ ಅಂಥ ಸೇವೆ ಮಾಡುವವರು ವಿರಳವಾಗಿರುವದನ್ನು ನೆನೆದು, ಅವನ ಮನಸ್ಸು ನೊಂದಿತು. ಇಂಥ ನೋವು ಅನೇಕ ತರುಣರಿಗೆ ಆಗುವದುಂಟು; ಊರಿಗೆ ಮರಳಿದ ಮೇಲೆ ಅದು ಆರುವದೂ ಉಂಟು. ಇವರಲ್ಲಿ ಅದು ಆರಲಿಲ್ಲ.

ಬಿ. ಎ. ಪದವಿಯ ತರುವಾಯ ಕಾಯಿದೆಯ ಪರೀಕ್ಷೆಯಲ್ಲಿಯೂ ತೇರ್ಗಡೆ ಹೊಂದಿ, 1904ರಲ್ಲಿ ವಕೀಲರಾಗಿ, ಸ್ವಲ್ಪ ಕಾಲ ಬೆಳಗಾವಿಯಲ್ಲಿದ್ದು ವಿಜಾಪುರಕ್ಕೆ ಬಂದು ನೆಲೆಸಿದರು. ಇಂದು ವಿಜಯಪುರವೆಂದು ಕರೆಯಲ್ಪಡುವ ಆ ಊರೇ ಅವರ ಮುಂದಿನ ಅರವತ್ತು ವರ್ಷಗಳ ಕರ್ಮಭೂಮಿಯಾಯಿತು.

ವಕೀಲಿಗೆ ತೊಡಗುವ ಮೊದಲೇ, 1903ರ ಸುಮಾರಿಗೆ, ಅವರ ಬಾಳಿನ ದಿಕ್ಕನ್ನು ನಿಶ್ಚಯಿಸಿದ ಪ್ರಸಂಗವು ನಡೆದಿತ್ತು. ರಬಕವಿಯ ಮಂಚಾಲೆ ಮನೆತನದವರಲ್ಲಿ ಅವರು ಕೆಲವು ಓಲೆಯ ಕಟ್ಟುಗಳನ್ನು ಕಂಡರು. ಅವುಗಳಲ್ಲಿ ಪ್ರಭುದೇವರ ವಚನಗಳಿದ್ದವು. ಹೊರನಾಡಿನ ಗ್ರಂಥಗಳನ್ನು ಓದಿ ಬಂದ ತರುಣನಿಗೆ ತನ್ನ ನಾಡಿನ ಬಡವನ ಮನೆಯ ಅಟ್ಟದಲ್ಲಿಯೂ ಇಂಥ ತತ್ತ್ವವಿಚಾರವು ಅಡಗಿರಬಹುದೆಂಬುದು ಅಂದೇ ಮನವರಿಕೆಯಾಯಿತು. ಅಂದಿನಿಂದ ಓಲೆಗಳ ಶೋಧವು ಆರಂಭವಾಯಿತು.

ಓಲೆಯನ್ನು ಕೈಯಲ್ಲಿ ಹಿಡಿದು ಓದಿದವರಿಗೆ ಮಾತ್ರ ಈ ಕಾರ್ಯದ ಶ್ರಮವು ತಿಳಿಯುವದರಿಂದ, ಅದನ್ನು ಸ್ವಲ್ಪ ವಿಸ್ತಾರವಾಗಿ ಹೇಳಬೇಕಾಗಿದೆ. ಕಬ್ಬಿಣದ ಕಂಟದಿಂದ ಕೊರೆದ ಅಕ್ಷರಗಳು ಮಸಿಯನ್ನು ತೀಡಿದ ಹೊರತು ಕಣ್ಣಿಗೆ ಕಾಣಿಸುವದಿಲ್ಲ. ಪದಪದಗಳ ನಡುವೆ ತೆರವಿರುವದಿಲ್ಲ. ಒಂದು ಸಾಲು ಎಡತುದಿಯಿಂದ ಬಲತುದಿಯವರೆಗೆ ಒಂದೇ ಸರಪಳಿಯಂತೆ ಸಾಗುವದು. ಎಕಾರ ಏಕಾರಗಳಿಗೂ ಒಕಾರ ಓಕಾರಗಳಿಗೂ ಬರೆಹದಲ್ಲಿ ಭೇದವಿಲ್ಲ. ಓದುವವನೇ ಅರ್ಥವನ್ನು ನೋಡಿ ಹ್ರಸ್ವದೀರ್ಘಗಳನ್ನು ನಿರ್ಣಯಿಸಬೇಕು. ಅಲ್ಪಪ್ರಾಣ ಮಹಾಪ್ರಾಣಗಳು ಲಿಪಿಕಾರನ ಇಚ್ಛೆಯಂತೆ ಬದಲಾಗುವವು. ದಾರ ಪೋಣಿಸಿದ ರಂಧ್ರದ ಸುತ್ತಲಿನ ಅಕ್ಷರಗಳು ಮುರಿದು ಹೋಗಿರುವವು. ಹುಳವು ಕೊರೆದಲ್ಲಿ ಶಬ್ದವೇ ಇಲ್ಲ. ಹಳೆಯ ಓಲೆಯು ಬೆರಳಿನ ಬಿರುಸಿಗೆ ಹಪ್ಪಳದಂತೆ ಒಡೆಯುವದು. ಇಷ್ಟೆಲ್ಲ ಆದ ಮೇಲೆ, ವಚನವು ಯಾರದೆಂಬ ಪ್ರಶ್ನೆಯು ಉಳಿಯುವದು. ಅಂಕಿತವೇ ಅಲ್ಲಿ ದೀಪ. ಕೂಡಲಸಂಗಮದೇವ, ಗುಹೇಶ್ವರ, ಚೆನ್ನಮಲ್ಲಿಕಾರ್ಜುನ ಮುಂತಾದ ಪ್ರಸಿದ್ಧ ಅಂಕಿತಗಳು ಕೂಡಲೇ ತಿಳಿಯಬಹುದು. ಆದರೆ ಹೆಸರನ್ನೇ ಕೇಳದ ಶರಣನ ಅಂಕಿತವು ಬಂದಾಗ, ಅದನ್ನು ಬೇರೆ ಕಟ್ಟುಗಳಲ್ಲಿ ಹುಡುಕಿ, ಪುರಾಣಗಳ ಉಲ್ಲೇಖಗಳಿಗೆ ಹೊಂದಿಸಿ ನೋಡದೆ ನಿರ್ವಾಹವಿಲ್ಲ. ಒಂದೇ ವಚನವು ಎರಡು ಕಟ್ಟುಗಳಲ್ಲಿ ಎರಡು ಅಂಕಿತಗಳಿಂದ ಕಾಣಿಸಿಕೊಂಡು ಓದುವವನನ್ನು ಪೇಚಿಗೆ ಸಿಕ್ಕಿಸುವದೂ ಉಂಟು.

ಕಾಲೇಜಿನ ಶಿಕ್ಷಣದಲ್ಲಿ ಈ ವಿದ್ಯೆಯು ಇರಲಿಲ್ಲ. ಕಾಯಿದೆಯ ಪುಸ್ತಕಗಳಲ್ಲಂತೂ ಇರಲೇ ಇಲ್ಲ. ಹಳಕಟ್ಟಿಯವರು ಇಪ್ಪತ್ತುಮೂರು ವರ್ಷ ದಾಟಿದ ಮೇಲೆ ಇದನ್ನು ಓಲೆಯಿಂದಲೇ ಕಲಿತರು. ಒಂದು ಕಟ್ಟಿನಲ್ಲಿ ಮಸುಕಾದ ಶಬ್ದವನ್ನು ಇನ್ನೊಂದು ಕಟ್ಟು ಕಲಿಸಿತು. ಒಂದು ವಚನದಲ್ಲಿ ತಿಳಿಯದ ಷಟ್‌ಸ್ಥಲದ ಪರಿಭಾಷೆಯನ್ನು ಹತ್ತು ವಚನಗಳ ಪರಿಚಯವು ಬಿಡಿಸಿತು. ಪಾಠಶಾಲೆಯಲ್ಲಿ ಗುರುಮುಖದಿಂದ ಪಾಠವಾಗುವ ನಮ್ಮಂಥವರು ಸಂಶಯ ಬಂದೊಡನೆ ಗುರುಗಳತ್ತ ನೋಡುತ್ತೇವೆ. ಇವರಿಗೆ ಸಂಶಯ ಬಂದರೆ ಮತ್ತೊಂದು ಊರಿಗೆ ಹೋಗಿ ಮತ್ತೊಂದು ಕಟ್ಟನ್ನು ಹುಡುಕಬೇಕಾಗುತ್ತಿತ್ತು.

ಕಟ್ಟುಗಳನ್ನು ದೊರಕಿಸುವದಾದರೂ ಸುಲಭವಾಗಿರಲಿಲ್ಲ. ಪೂಜೆಯಲ್ಲಿರುವ ಓಲೆಯನ್ನು ಬಿಚ್ಚುವದು ದೋಷವೆಂದು ನಂಬಿದವರುಂಟು. ಪರರ ಕೈಗೆ ಕೊಟ್ಟರೆ ಮನೆಯ ಭಾಗ್ಯವು ಹೋಗುವದೆಂದು ಅಂಜುವವರುಂಟು. ಜೀರ್ಣವಾದ ಓಲೆಗಳನ್ನು ಹೊಳೆಗೆ ಬಿಡುವ ರೂಢಿಯು ಬೇರೆ. ಇದನ್ನು ಅಜ್ಞಾನವೆಂದು ಹಳಿಯುವದು ಇಂದು ಸುಲಭ; ಆದರೆ ಆ ಭಕ್ತಿಯಿಂದಲೇ ಓಲೆಗಳು ಅಷ್ಟು ಶತಮಾನ ಉಳಿದು ಬಂದವೆಂಬುದನ್ನೂ ಮರೆಯಲಾಗದು. ಹಳಕಟ್ಟಿಯವರು ಆ ಭಕ್ತಿಯೊಡನೆ ಜಗಳವಾಡಲಿಲ್ಲ. ಊರೂರಿಗೆ ಹೋಗಿ, ಮಠಗಳಿಗೆ ಹೋಗಿ, ಬೇಡಿ, ಒಪ್ಪಿಸಿ ಓಲೆಗಳನ್ನು ಪಡೆದರು. 1920ರ ಹೊತ್ತಿಗೆ ಅವರ ಸಂಗ್ರಹವು ಸಾವಿರ ಕಟ್ಟುಗಳನ್ನು ಮೀರಿತ್ತು. ಅದುವರೆಗೆ ಸುಮಾರು ಐವತ್ತು ವಚನಕಾರರ ಹೆಸರುಗಳು ಮಾತ್ರ ವಿದ್ವಾಂಸರಿಗೆ ತಿಳಿದಿದ್ದವು. ಹಳಕಟ್ಟಿಯವರ ಶೋಧದಿಂದ ಆ ಸಂಖ್ಯೆಯು ಇನ್ನೂರನ್ನು ದಾಟಿತು. ಅವರಲ್ಲಿ ಅಂಬಿಗರು, ಮಾದಾರರು, ಮಡಿವಾಳರು, ನುಲಿಯ ಹೊಸೆಯುವವರು ಮೊದಲಾದ ಕಾಯಕಜೀವಿಗಳೂ ಶರಣೆಯರೂ ಇದ್ದರು. ಹರಿಹರನ ರಗಳೆಗಳನ್ನು ಬೆಳಕಿಗೆ ತಂದವರಲ್ಲಿಯೂ ಇವರು ಮುಖ್ಯರು.

ಇವರಿಗಿಂತ ಮೊದಲು ವಚನಗಳು ಅಚ್ಚಾಗಿರಲೇ ಇಲ್ಲವೆಂದಲ್ಲ. ಅಲ್ಲೊಂದು ಇಲ್ಲೊಂದು ಪುಸ್ತಕವು ಬಂದಿತ್ತು. ಆದರೆ ಇಡಿಯ ವಾಙ್ಮಯವನ್ನು ಒಟ್ಟಾಗಿ ನೋಡಿ, ವಿಷಯಕ್ಕನುಸಾರವಾಗಿ ಜೋಡಿಸಿ, ಸಾಮಾನ್ಯ ಓದುಗನಿಗೂ ತಿಳಿಯುವಂತೆ ಕೊಟ್ಟವರು ಇರಲಿಲ್ಲ. ಆ ಉದ್ದೇಶದಿಂದ ಅವರು ವಚನಶಾಸ್ತ್ರಸಾರವೆಂಬ ಗ್ರಂಥವನ್ನು ಸಿದ್ಧಪಡಿಸಿದರು. ಹಸ್ತಪ್ರತಿಯು ಮುದ್ರಣಕ್ಕಾಗಿ ಮಂಗಳೂರಿಗೆ ಹೋಯಿತು; ಬಹಳ ದಿನ ಅಲ್ಲಿದ್ದು ಅಚ್ಚಾಗದೆ ಮರಳಿ ಬಂದಿತು. ವರ್ಷಾನುವರ್ಷದ ದುಡಿತವು ಟಪಾಲಿನಲ್ಲಿ ಹಿಂದಿರುಗಿ ಬಂದ ದಿನ ಅವರ ಮನಸ್ಸಿನಲ್ಲಿ ಏನು ನಡೆಯಿತೆಂಬುದನ್ನು ಊಹಿಸುವ ಗೊಡವೆಗೆ ನಾವು ಹೋಗುವದಿಲ್ಲ. ಮುಂದೆ ಮಾಡಿದ್ದನ್ನು ಮಾತ್ರ ಹೇಳಬಹುದು. ಅವರು ಬೇರೊಂದು ಮುದ್ರಣಾಲಯವನ್ನು ಹುಡುಕಿದರು. ಬೆಳಗಾವಿಯ ಮಹಾವೀರ ಮುದ್ರಣಾಲಯದಲ್ಲಿ ಗ್ರಂಥವು ಅಚ್ಚಾಗಿ, 1923ರಲ್ಲಿ ಮೊದಲನೆಯ ಭಾಗವು ಪ್ರಕಟವಾಯಿತು. ರಬಕವಿಯಲ್ಲಿ ಓಲೆಗಳನ್ನು ಕಂಡ ದಿನದಿಂದ ಎಣಿಸಿದರೆ ಇಪ್ಪತ್ತು ವರ್ಷ! ಇದರ ನಡುವೆ, 1922ರಲ್ಲಿ, ಬಸವಣ್ಣನವರ ವಚನಗಳ ಇಂಗ್ಲಿಷ್ ಅನುವಾದವನ್ನು ಇಂಡಿಯನ್ ಆಂಟಿಕ್ವರಿ ಎಂಬ ವಿದ್ವತ್ಪತ್ರಿಕೆಯಲ್ಲಿ ಪ್ರಕಟಿಸಿ ಪರದೇಶದ ಪಂಡಿತರ ಗಮನವನ್ನೂ ಇತ್ತ ಸೆಳೆದಿದ್ದರು.

ಪರರ ಮುದ್ರಣಾಲಯವನ್ನು ನಂಬಿ ಈ ಕಾರ್ಯವು ಸಾಗದೆಂಬುದನ್ನು ಅವರು ಕಂಡುಕೊಂಡರು. ಇದ್ದೊಂದು ಸ್ವಂತ ಮನೆಯನ್ನು ಮಾರಿ, ಆ ಹಣದಿಂದ 1925ರಲ್ಲಿ ವಿಜಾಪುರದಲ್ಲಿಯೇ ಹಿತಚಿಂತಕ ಮುದ್ರಣಾಲಯವನ್ನು ಸ್ಥಾಪಿಸಿದರು. ಸಂಸಾರಸ್ಥನಾದವನು ತಾನಿರುವ ಮನೆಯನ್ನು ಮಾರುವದು ಸಣ್ಣ ಮಾತಲ್ಲ. ಅದರ ಭಾರವು ಮನೆಯವರೆಲ್ಲರ ಮೇಲೂ ಬಿದ್ದಿತು. ಅವರ ಸಹಧರ್ಮಿಣಿ ಭಾಗೀರಥಿಯವರ ಹೆಸರು ಚರಿತ್ರಕಾರರ ಬರೆಹಗಳಲ್ಲಿ ಅಪರೂಪವಾಗಿ ಬರುವದು. ಬಾಡಿಗೆಯ ಮನೆಯಲ್ಲಿ ಆ ಸಂಸಾರವನ್ನು ನಡೆಯಿಸಿದವರು ಅವರೆಂಬುದನ್ನು ಇಲ್ಲಿ ಹೇಳಿಯೇ ಮುಂದೆ ಹೋಗಬೇಕು.

ಮರುವರ್ಷ, 1926ರಲ್ಲಿ, ಶಿವಾನುಭವವೆಂಬ ಪತ್ರಿಕೆಯು ಹೊರಟಿತು. 1927ರಲ್ಲಿ ನವಕರ್ನಾಟಕವೆಂಬ ವಾರಪತ್ರಿಕೆಯೂ ಹೊರಟಿತು. ಶಿವಾನುಭವದ ಲೇಖಕರು, ಸಂಪಾದಕರು, ಕರಡಚ್ಚು ತಿದ್ದುವವರು, ಪ್ರಕಾಶಕರು ಎಲ್ಲವೂ ಬಹುಮಟ್ಟಿಗೆ ಅವರೊಬ್ಬರೇ. ಚಂದಾದಾರರು ಕಡಿಮೆ, ಕಾಗದದ ಬೆಲೆ ಹೆಚ್ಚು. ವಕೀಲಿಯ ಆದಾಯವು ಮುದ್ರಣಾಲಯದ ಬಾಯಿಗೆ ಹೋಗುತ್ತಿತ್ತು; ಓಲೆಗಳಿಗೆ ಕೊಟ್ಟ ಹೊತ್ತು ವಕೀಲಿಯ ಹೊತ್ತನ್ನು ತಿನ್ನುತ್ತಿದ್ದುದರಿಂದ ಆ ಆದಾಯವೂ ಕ್ರಮೇಣ ಇಳಿಯುತ್ತಿತ್ತು. ಆದರೂ ಪತ್ರಿಕೆಯು ಸುಮಾರು ಮೂವತ್ತೈದು ವರ್ಷ ನಡೆಯಿತು. ಎರಡು ಮಹಾಯುದ್ಧಗಳ ನಡುವಿನ ಬಿಕ್ಕಟ್ಟನ್ನೂ ಎರಡನೆಯ ಯುದ್ಧಕಾಲದ ಕಾಗದದ ಬರವನ್ನೂ ದಾಟಿ ಅದು ಬದುಕಿತೆಂಬುದನ್ನು ನೋಡಿದರೆ ಆಶ್ಚರ್ಯವಾಗುವದು. 1930ರಲ್ಲಿ ಗೂಳೂರು ಸಿದ್ಧವೀರಣ್ಣನ ಶೂನ್ಯಸಂಪಾದನೆಯನ್ನು ಸಂಪಾದಿಸಿ ಪ್ರಕಟಿಸಿದುದು ಈ ಕಾಲದ ಮಹತ್ಕಾರ್ಯ.

ಲೋಕಸೇವೆಯ ಬೇರೆ ಕಾರ್ಯಗಳನ್ನು ಇಲ್ಲಿ ಹೆಸರಿಸಿ ಬಿಡುತ್ತೇವೆ. 1910ರಲ್ಲಿ ವಿಜಾಪುರದಲ್ಲಿ ಸ್ಥಾಪಿತವಾಗಿ, ಇಂದು ವೈದ್ಯಕೀಯ ತಾಂತ್ರಿಕ ಶಿಕ್ಷಣಗಳವರೆಗೆ ಬೆಳೆದಿರುವ ಲಿಂಗಾಯತ ವಿದ್ಯಾವರ್ಧಕ ಸಂಸ್ಥೆಯ ಸ್ಥಾಪನೆಯಲ್ಲಿ ಅವರೇ ಮುಂದಾಳುಗಳು. ಸಿದ್ಧೇಶ್ವರ ಸಹಕಾರಿ ಬ್ಯಾಂಕಿನ ಹುಟ್ಟಿನಲ್ಲಿಯೂ ಅವರ ಕೈಯಿತ್ತು. ಮುಂಬಯಿ ಪ್ರಾಂತದ ಶಾಸನಸಭೆಯ ಸದಸ್ಯರಾಗಿದ್ದರು. 1926ರಲ್ಲಿ ಬಳ್ಳಾರಿಯಲ್ಲಿ ನೆರೆದ 12ನೆಯ ಕನ್ನಡ ಸಾಹಿತ್ಯ ಸಮ್ಮೇಲನದ ಅಧ್ಯಕ್ಷಪದವು ಅವರಿಗೆ ಸಂದಿತು.

ಅವರ ಸಂಪಾದನೆಯಲ್ಲಿ ಕೊರತೆಗಳಿಲ್ಲವೇ ಎಂದು ವಿದ್ಯಾರ್ಥಿಗಳು ಕೇಳಬಹುದು, ಕೇಳಲೂ ಬೇಕು. ಉಂಟು. ಪಾಠಾಂತರಗಳನ್ನು ಅಡಿಯಲ್ಲಿ ಕೊಟ್ಟು ಒಂದೊಂದು ಪ್ರತಿಯ ಬೆಲೆಯನ್ನು ಅಳೆದು ತೋರಿಸುವ ಶಾಸ್ತ್ರೀಯ ಕ್ರಮವನ್ನು ಅವರು ಎಲ್ಲೆಡೆಯೂ ಅನುಸರಿಸಲಿಲ್ಲ. ಮುಂದೆ ಶಿ. ಶಿ. ಬಸವನಾಳ, ಆರ್. ಸಿ. ಹಿರೇಮಠ, ಎಂ. ಎಂ. ಕಲಬುರ್ಗಿ ಮೊದಲಾದ ವಿದ್ವಾಂಸರು ಅನೇಕ ಪಾಠಗಳನ್ನು ತಿದ್ದಿದರು. 1993ರಲ್ಲಿ ಕರ್ನಾಟಕ ಸರಕಾರವು 15 ಸಂಪುಟಗಳಲ್ಲಿ ಸಮಗ್ರ ವಚನಸಾಹಿತ್ಯವನ್ನು ಹೊರತಂದಾಗ ಹಳಕಟ್ಟಿಯವರು ಕಾಣದ ವಚನಗಳೂ ಅದರಲ್ಲಿ ಸೇರಿದವು. ಆದರೆ ಮನೆಗೆ ಉರಿ ಬಿದ್ದಾಗ ಸಾಮಾನುಗಳನ್ನು ಹೊರಗೆ ತರುವವನು ಅವುಗಳ ಪಟ್ಟಿ ಬರೆಯುತ್ತ ಕೂಡ್ರುವದಿಲ್ಲ. ಹುಳದ ಬಾಯಿಯಲ್ಲಿದ್ದ ಓಲೆಯನ್ನು ಮೊದಲು ಕಾಗದಕ್ಕೆ ಇಳಿಸುವದೇ ಅಂದಿನ ಅವಶ್ಯಕತೆಯಾಗಿತ್ತೆಂಬುದು ನಮ್ಮ ಅಭಿಪ್ರಾಯ. ತಿದ್ದುವದಕ್ಕೆ ಪಾಠವೊಂದು ಉಳಿದಿದ್ದರಲ್ಲವೇ ತಿದ್ದುವವರಿಗೆ ಕೆಲಸ!

ಮುಪ್ಪಿನಲ್ಲಿ ಬಡತನವು ಅವರನ್ನು ಬಿಡಲಿಲ್ಲ. ಬ್ಯಾಂಕನ್ನೂ ವಿದ್ಯಾಸಂಸ್ಥೆಯನ್ನೂ ಕಟ್ಟಿ ಬೆಳೆಸಿದವರು ತಾವು ಮಾತ್ರ ಹಳೆಯ ಕೋಟನ್ನೇ ತೊಟ್ಟು, ಬಾಡಿಗೆಯ ಮನೆಯಲ್ಲಿ ಓಲೆಗಳ ನಡುವೆ ಕುಳಿತು ಕೆಲಸ ಮಾಡಿದರು. ಎಪ್ಪತ್ತು ದಾಟಿದ ಮೇಲೆಯೂ ಶಿವಾನುಭವದ ಸಂಚಿಕೆಗಳನ್ನು ಸಿದ್ಧಪಡಿಸುತ್ತಲೇ ಇದ್ದರು. 1956ರಲ್ಲಿ ಕರ್ನಾಟಕ ವಿಶ್ವವಿದ್ಯಾಲಯವು ಅವರಿಗೆ ಗೌರವ ಡಿ. ಲಿಟ್. ಪದವಿಯನ್ನಿತ್ತು ಸನ್ಮಾನಿಸಿತು. ಓಲೆಯೋದನ್ನು ತಾವೇ ಕಲಿತ ವಕೀಲರು ತಮ್ಮ ಎಪ್ಪತ್ತಾರನೆಯ ವರ್ಷದಲ್ಲಿ ಡಾಕ್ಟರರಾದರು. ಜನರು ಅವರನ್ನು ವಚನಪಿತಾಮಹರೆಂದು ಅದಕ್ಕೂ ಮೊದಲೇ ಕರೆಯತೊಡಗಿದ್ದರು. ಗೋಳಗುಮ್ಮಟದ ಊರಿನವರಾದುದರಿಂದ ವಚನಗುಮ್ಮಟವೆಂಬ ಹೆಸರೂ ಬಂದಿತ್ತು.

1964ನೆಯ ಜೂನ್ 29ರಂದು, ಎಂಬತ್ತನಾಲ್ಕು ವರ್ಷ ತುಂಬಲು ಮೂರು ದಿನಗಳಿರುವಾಗ, ಹಳಕಟ್ಟಿಯವರು ಲಿಂಗೈಕ್ಯರಾದರು. ಅವರು ಹುಟ್ಟಿ ನೂರು ವರ್ಷ ತುಂಬಿದ 1980ರಲ್ಲಿ ವಿಜಾಪುರದ ಅದೇ ವಿದ್ಯಾಸಂಸ್ಥೆಯು ತೆರೆದ ಇಂಜಿನಿಯರಿಂಗ್ ಕಾಲೇಜಿಗೆ ವಚನಪಿತಾಮಹ ಡಾ. ಫ. ಗು. ಹಳಕಟ್ಟಿಯವರ ಹೆಸರಿದೆ. ಅವರ ಹೆಸರಿನ ಸಂಶೋಧನ ಕೇಂದ್ರವು ಅದೇ ಊರಿನಲ್ಲಿದ್ದು ಅವರ ಬರೆಹಗಳನ್ನು ಒಟ್ಟುಗೂಡಿಸಿ ಪ್ರಕಟಿಸಿದೆ.