ತಾಜ್ ಹೋಟೆಲ್‌ನಲ್ಲಿ ಜಾಝ್ ನುಡಿಸಿದ ಟೆಡ್ಡಿ ವೆದರ್‌ಫೋರ್ಡ್: ಶಿಕಾಗೋ ಮರೆತರೂ ಭಾರತದಲ್ಲಿ ಉಳಿದ ಸ್ವರ

ಸೀವುಡ್ಸ್‌ನಿಂದ ಹಾರ್ಬರ್ ಲೈನ್ ರೈಲು ಹತ್ತಿ ಸಿಎಸ್‌ಎಂಟಿಯಲ್ಲಿ ಇಳಿದರೆ ಗೇಟ್‌ವೇ ಆಫ್ ಇಂಡಿಯಾ ದೂರವೇನಲ್ಲ. ಅದರ ಪಕ್ಕದ ತಾಜ್ ಮಹಲ್ ಹೋಟೆಲ್‌ನಲ್ಲಿ 1930ರ ದಶಕದಲ್ಲಿ ಪಿಯಾನೋ ನುಡಿಸುತ್ತಿದ್ದವರು ಅಮೆರಿಕದ ಕಪ್ಪುವರ್ಣೀಯ ಜಾಝ್ ಕಲಾವಿದ ಟೆಡ್ಡಿ ವೆದರ್‌ಫೋರ್ಡ್.

ಅವರು ಹುಟ್ಟಿದ್ದು 1903ರಲ್ಲಿ. ಹದಿಹರೆಯದಲ್ಲಿ ನ್ಯೂ ಆರ್ಲಿಯನ್ಸ್‌ನಲ್ಲಿ ಪಿಯಾನೋ ಕಲಿತು ಶಿಕಾಗೋ ಸೇರಿದರು. ಅಲ್ಲಿ ಅರ್ಸ್ಕಿನ್ ಟೇಟ್ ಅವರ ವಾದ್ಯವೃಂದದಲ್ಲಿ ಲೂಯಿ ಆರ್ಮ್‌ಸ್ಟ್ರಾಂಗ್ ಜತೆ ನುಡಿಸಿದರು. 1926ರಲ್ಲಿ ಇಬ್ಬರೂ ಒಂದೇ ರೆಕಾರ್ಡಿಂಗ್‌ನಲ್ಲಿದ್ದರು.

ಅದೇ ವರ್ಷ ವೆದರ್‌ಫೋರ್ಡ್ ಜ್ಯಾಕ್ ಕಾರ್ಟರ್ ತಂಡದೊಂದಿಗೆ ಏಷ್ಯಾಕ್ಕೆ ಹೊರಟರು. ಶಾಂಘೈನ ನೃತ್ಯಶಾಲೆಗಳಲ್ಲಿ ಅವರು ದೊಡ್ಡ ತಾರೆ. ಆದರೆ ಈ ಪಯಣಕ್ಕೆ ಬೆಲೆ ತೆರಬೇಕಾಯಿತು. ಜತೆಗಾರ ಆರ್ಮ್‌ಸ್ಟ್ರಾಂಗ್ ವಿಶ್ವಖ್ಯಾತರಾದರೆ, ತವರಿನಲ್ಲಿ ಇವರ ಹೆಸರು ನಿಧಾನವಾಗಿ ಮಾಸಿತು.

ಮುಂಬೈ ಬಳಿಕ ಅವರು ನೆಲೆಯೂರಿದ್ದು ಕೋಲ್ಕತ್ತಾದಲ್ಲಿ. ಎರಡನೇ ಮಹಾಯುದ್ಧದ ದಿನಗಳಲ್ಲಿ ಗ್ರ್ಯಾಂಡ್ ಹೋಟೆಲ್‌ನಲ್ಲಿ ಸ್ವಂತ ತಂಡ ಕಟ್ಟಿದರು. ನಾನಾ ದೇಶಗಳ ವಾದಕರ ಜತೆ ಸ್ಥಳೀಯ ಪ್ರತಿಭೆಗಳಿಗೂ ಅಲ್ಲಿ ಜಾಗ ಸಿಕ್ಕಿತು. 1945ರ ಏಪ್ರಿಲ್ 25ರಂದು ಕಾಲರಾ ಅವರನ್ನು ಬಲಿ ಪಡೆಯಿತು. ಆಗಿನ್ನೂ 41 ವರ್ಷ.

ಸ್ವರ ಮಾತ್ರ ಅಲ್ಲಿಗೇ ನಿಲ್ಲಲಿಲ್ಲ. ಅವರ ತಂಡದಲ್ಲಿ ನುಡಿಸಿದ್ದ ನೇಪಾಳಿ ಟ್ರಂಪೆಟ್ ವಾದಕ ಜಾರ್ಜ್ ಬ್ಯಾಂಕ್ಸ್, ಮುಂದೆ ತಮ್ಮ ಮಗನಿಗೆ ಆರ್ಮ್‌ಸ್ಟ್ರಾಂಗ್ ನೆನಪಿನಲ್ಲಿ ಲೂಯಿ ಎಂದು ಹೆಸರಿಟ್ಟರು. ಆ ಮಗನೇ ಮುಂಬೈನಲ್ಲಿ ನೆಲೆಸಿ 'ಮಿಲೇ ಸುರ್ ಮೇರಾ ತುಮ್ಹಾರಾ' ಸಂಗೀತಕ್ಕೆ ಕೈಜೋಡಿಸಿದ ಪಿಯಾನೋ ವಾದಕ ಲೂಯಿ ಬ್ಯಾಂಕ್ಸ್. ವೆದರ್‌ಫೋರ್ಡ್ ಹೆಸರು ಗೊತ್ತಿಲ್ಲದವರೂ ಆ ಹಾಡನ್ನು ದೂರದರ್ಶನದಲ್ಲಿ ಕೇಳಿಯೇ ಬೆಳೆದಿದ್ದಾರೆ.