ಮೂಸಿ ಹೊಳೆಗೆ ಲಗಾಮು ಹಾಕಿದ ಮುದ್ದೇನಹಳ್ಳಿಯವರು

ಸೆಪ್ಟೆಂಬರ್ 15 ಬಂತೆಂದರೆ ಸರ್ ಎಂ. ವಿಶ್ವೇಶ್ವರಯ್ಯನವರ ಪಟಕ್ಕೆ ಹಾರ ಬೀಳುತ್ತೆ. ಭಾಷಣಕಾರರು ಕನ್ನಂಬಾಡಿ ಕಟ್ಟೆಯನ್ನು ಹೊಗಳಿ, ಕಾಫಿ ಕುಡಿದು ಮನೆಗೆ ಹೋಗ್ತಾರೆ. ಅದೇ ಹೊತ್ತಿಗೆ ಒಂದು ಜೋರು ಮಳೆ ಹೊಯ್ದರೆ ಪೇಟೆ ಬೀದಿಯ ಅಂಗಡಿಗಳಿಗೆ ಚರಂಡಿ ನೀರು! ಈ ಮಹಾನುಭಾವರು ಹೈದರಾಬಾದಿನಲ್ಲಿ ಮಾಡಿದ ಕೆಲಸವನ್ನೂ ಕೊಂಚ ತಿಳಿದುಕೊಂಡರೆ ನಮಗೇ ಲಾಭ.

ಚಿಕ್ಕಬಳ್ಳಾಪುರದ ಹತ್ತಿರದ ಮುದ್ದೇನಹಳ್ಳಿಯ ಹುಡುಗ. ಚಿಕ್ಕಂದಿನಲ್ಲೇ ತಂದೆ ತೀರಿಕೊಂಡರು. ಬೆಂಗಳೂರಿನಲ್ಲಿ ಮನೆಪಾಠ ಹೇಳಿಕೊಂಡು ಓದಿ, ಪುಣೆಯಲ್ಲಿ ಇಂಜಿನಿಯರಿಂಗ್ ಮುಗಿಸಿ, 1884ರಲ್ಲಿ ಮುಂಬಯಿ ಸರ್ಕಾರದ ಕೆಲಸಕ್ಕೆ ಸೇರಿದರು. ನೀರು ಏರಿದಾಗ ತಾನಾಗಿಯೇ ತೆರೆದುಕೊಳ್ಳುವ ಗೇಟುಗಳನ್ನು ಖಡಕ್ವಾಸ್ಲಾ ಕಟ್ಟೆಗೆ ಕೂರಿಸಿ ಹೆಸರಾದರು. 1908ರಲ್ಲಿ ಆ ನೌಕರಿಗೆ ಶರಣು ಹೊಡೆದು ವಿದೇಶ ಪ್ರವಾಸಕ್ಕೆ ಹೊರಟರು.

ಅದೇ ವರ್ಷ ಸೆಪ್ಟೆಂಬರ್ 28ರಂದು ಮೂಸಿ ಹೊಳೆ ಹೈದರಾಬಾದಿಗೆ ನುಗ್ಗಿತು. ಸತ್ತವರು ಸುಮಾರು 15 ಸಾವಿರ ಅಂತ ಅಂದಾಜು. ಅಫ್ಜಲ್‌ಗಂಜಿನ ಒಂದು ಹುಣಸೆಮರ ಹತ್ತಿ ಕೂತ ನೂರೈವತ್ತು ಜನ ಬದುಕಿಕೊಂಡರು. ನಿಜಾಮರ ಸರ್ಕಾರ ವಿಶ್ವೇಶ್ವರಯ್ಯನವರಿಗೆ ಹೇಳಿಕಳಿಸಿತು.

1909ರ ಏಪ್ರಿಲಿನಲ್ಲಿ ಬಂದವರು ಬರೀ ಊರೊಳಗೆ ತಡೆಗೋಡೆ ಕಟ್ಟಿ ಕೈ ತೊಳೆದುಕೊಳ್ಳಲಿಲ್ಲ. ಮಳೆ ಬಿದ್ದದ್ದೆಷ್ಟು, ನೀರು ಬಂದದ್ದೆಲ್ಲಿಂದ ಅಂತ ಹೊಳೆಯ ಮೇಲ್ಭಾಗದ ಲೆಕ್ಕ ತೆಗೆದರು. ಅಲ್ಲಿ 788 ಕೆರೆಗಳಿದ್ದವು, 221 ಒಡೆದುಹೋಗಿದ್ದವು! ಮೇಲಿನ ಕೆರೆ ಒಡೆದರೆ ಕೆಳಗಿನದರ ಏರಿ ಉಳಿಯುತ್ತದೆಯೇ? ಮಳೆ ನೀರಿಗೆ ಕೆರೆ ನೀರೂ ಸೇರಿ ಊರಿಗೆ ಬಂದಿತ್ತು.

ಅವರ ಮದ್ದು ಸರಳ. ಊರಿಗಿಂತ ಮೇಲೆ, ಮೂಸಿಗೊಂದು, ಉಪನದಿ ಈಸಿಗೊಂದು ಜಲಾಶಯ ಕಟ್ಟಿ ನೆರೆಯನ್ನು ಅಲ್ಲೇ ಹಿಡಿಯುವುದು, ಆಮೇಲೆ ನಿಧಾನಕ್ಕೆ ಬಿಡುವುದು. ಊರೊಳಗೆ ದಡ ಎತ್ತರಿಸುವುದು, ಒಳಚರಂಡಿ ಹಾಕುವುದು. ಅಕ್ಟೋಬರಿಗೆ ವರದಿ ಕೊಟ್ಟರು, ನವೆಂಬರಿಗೆ ಮೈಸೂರಿನ ಚೀಫ್ ಇಂಜಿನಿಯರ್ ಆದರು. 1912ರಲ್ಲಿ ದಿವಾನರೂ ಆದರು. ಅತ್ತ 1920ಕ್ಕೆ ಉಸ್ಮಾನ್ ಸಾಗರ, 1927ಕ್ಕೆ ಹಿಮಾಯತ್ ಸಾಗರ ಎದ್ದು ನಿಂತವು. ನೆರೆ ತಡೆಯುವುದರ ಜೊತೆಗೆ ಊರಿಗೆ ಕುಡಿಯುವ ನೀರನ್ನೂ ಕೊಟ್ಟವು.

1955ರಲ್ಲಿ ಭಾರತರತ್ನ ಬಂತು. ನೂರು ದಾಟಿ ಬಾಳಿದ ಹಿರಿಯರು 1962ರಲ್ಲಿ ಕಣ್ಣು ಮುಚ್ಚಿದರು.

ಕಟ್ಟೆಗಳು ಈಗಲೂ ಇವೆ. ಆದರೆ ಆಮೇಲಿನವರು ಊರೊಳಗಿನ ಕೆರೆ, ನಾಲೆಗಳ ಮೇಲೇ ಮನೆ ಎಬ್ಬಿಸಿದರು. 2020ರ ಅಕ್ಟೋಬರ್ ಮಳೆಗೆ ಹೈದರಾಬಾದಿನ ಬಡಾವಣೆಗಳು ಮತ್ತೆ ಮುಳುಗಿದವು. ಇಂಜಿನಿಯರ್ ಎಷ್ಟೇ ಬುದ್ಧಿವಂತನಾದರೂ, ನೀರಿನ ದಾರಿಗೆ ಅಡ್ಡ ಕೂತವರನ್ನು ಕಾಯೋದು ಕಷ್ಟ ಸ್ವಾಮಿ.

ಮುಂದಿನ ಸಲ ಹಾರ ಹಾಕುವ ಮುಂಚೆ ಒಂದು ಕೆಲಸ ಮಾಡೋಣ. ನಮ್ಮ ಅಂಗಡಿಯ ಮೆಟ್ಟಿಲು ಚರಂಡಿ ಮೇಲೆ ಎಷ್ಟು ಅಡಿ ಚಾಚಿದೆ ಅಂತ ಬಗ್ಗಿ ನೋಡೋಣ.